ವಿಂಡೋಸ್ ಇಂಗ್ಲಿಷಲ್ಲೇ ಇರ್ಲಿ, ತಾರೀಕು ವಾರ ಮಾತ್ರ ಕನ್ನಡದಲ್ಲಿ ಬರ್ಬೇಕಂದ್ರೆ ಏನ್ ಮಾಡ್ಬೇಕು?

ಮೆನು ಎಲ್ಲ ಇಂಗ್ಲಿಷಲ್ಲೇ ಇಟ್ಕಂಡು ಮೂಲೇಲಿ ಬರೋ ತಾರೀಕು, ವಾರ ಅಷ್ಟೇ ಕನ್ನಡ ಮಾಡ್ಲಿಕ್ಕೆ ಆಗ್ತದಾ ಅಂತ ಕೇಳಿದ್ರಲ್ಲ, ಆರಾಮಾಗಿ ಆಗ್ತದೆ. ಇಡೀ ವಿಂಡೋಸನ್ನೇ ಕನ್ನಡ ಮಾಡ್ಬೇಕು ಅಂತ ಯಾರೋ ಹೇಳಿದ್ದು ಬೇಡವೇ ಬೇಡ ಮಾರಾಯ್ರೆ, ಮೆನು ಯಾವ ಭಾಷೇಲಿ ಬರ್ಬೇಕು ಅನ್ನೋ ಡಿಸ್‌ಪ್ಲೇ ಲ್ಯಾಂಗ್ವೇಜ್ ಬೇರೆ, ತಾರೀಕು ವಾರ ಹೆಂಗೆ ಬರ್ಬೇಕು ಅನ್ನೋ ರೀಜನಲ್ ಫಾರ್ಮ್ಯಾಟ್ ಬೇರೆ, ನಿಮ್ಗೆ ಬೇಕಾದ್ದು ಎರಡನೇದು.

ವಿಂಡೋಸ್ 11 ಆದ್ರೆ ಸೆಟ್ಟಿಂಗ್ಸ್‌ಗೆ ಹೋಗಿ, ಟೈಮ್ ಆಂಡ್ ಲ್ಯಾಂಗ್ವೇಜ್, ಅದ್ರೊಳಗೆ ಲ್ಯಾಂಗ್ವೇಜ್ ಆಂಡ್ ರೀಜನ್, ಅಲ್ಲಿ ರೀಜನಲ್ ಫಾರ್ಮ್ಯಾಟ್ ಎದ್ರಿಗೆ ಕನ್ನಡ ಆರಿಸಿ. 10ರಲ್ಲಿ ರೀಜನ್ ಅಂತ ಬೇರೆ ಪೇಜೇ ಇದೆ. ಈಗ ಗಡಿಯಾರದ ಮೇಲೆ ಮೌಸ್ ಇಟ್ರೆ ತಿಂಗಳು, ವಾರ ಕನ್ನಡದಲ್ಲಿ ಬರ್ತದೆ. ಕೆಲವು ಪ್ರೋಗ್ರಾಂ ಒಂದ್ಸಲ ಸೈನ್ ಔಟ್ ಆಗಿ ಬಂದ್ಮೇಲೇ ಬದಲಾಗೋದು.

ಆದ್ರೆ ಮೌಸ್ ಇಡದೇನೇ ಮೂಲೇಲಿ ವಾರ ಕಾಣ್ಬೇಕು ಅಂದ್ರೆ ಇನ್ನೊಂದು ಕೆಲ್ಸ ಇದೆ, ಅಲ್ಲಿ ಬರೋದು ಶಾರ್ಟ್ ಡೇಟ್, ಅಂದ್ರೆ ತಾರೀಕಿನ ಚಿಕ್ಕ ರೂಪ. ಕಂಟ್ರೋಲ್ ಪ್ಯಾನೆಲ್ ಒಳಗೆ ರೀಜನ್, ಅಡಿಷನಲ್ ಸೆಟ್ಟಿಂಗ್ಸ್, ಡೇಟ್ ಟ್ಯಾಬ್, ಅಲ್ಲಿ ಶಾರ್ಟ್ ಡೇಟ್ ಎದ್ರಿಗಿರೋ ಅಕ್ಷರಗಳನ್ನ ಬದಲಾಯಿಸ್ಬೇಕು. ಇಂಗ್ಲಿಷಿನ ಸಣ್ಣ ಡಿ ಅಕ್ಷರ ಎರಡು ಸಲ ಹಾಕಿದ್ರೆ ತಾರೀಕು, ಮೂರು ಸಲ ಹಾಕಿದ್ರೆ ವಾರದ ಚಿಕ್ಕ ಹೆಸ್ರು, ನಾಲ್ಕು ಹಾಕಿದ್ರೆ ಪೂರ್ತಿ ಹೆಸ್ರು. ದೊಡ್ಡ ಎಮ್ ನಾಲ್ಕು ಸಲ ಹಾಕಿದ್ರೆ ತಿಂಗಳ ಹೆಸ್ರು, ಆದ್ರೆ ಎಮ್ ದೊಡ್ಡದೇ ಇರ್ಬೇಕು, ಸಣ್ಣ ಎಮ್ ಅಂದ್ರೆ ನಿಮಿಷ. ವರ್ಷಕ್ಕೆ ಸಣ್ಣ ವೈ ನಾಲ್ಕು ಸಲ ಹಾಕಿ, ಎರಡೇ ಹಾಕಿದ್ರೆ 2026 ಹೋಗಿ ಬರೀ 26 ಬರ್ತದೆ, 05-06-26 ಅಂತ ಇದ್ರೆ ಯಾವ್ದು ದಿನ ಯಾವ್ದು ವರ್ಷ ಅಂತ ನೋಡಿದವ್ರಿಗೆ ಗೊತ್ತಾಗೋದಿಲ್ಲ.

ಒಂದು ಎಚ್ಚರಿಕೆ. ಆ ಕಂಪ್ಯೂಟರಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಇದ್ರೆ ಶಾರ್ಟ್ ಡೇಟಿಗೆ ವಾರ ಸೇರಿಸ್ಬೇಡಿ. ಶಿರಸೀಲಿ ನಮ್ಮ ಪರಿಚಯದವ್ರ ಅಡಿಕೆ ವ್ಯಾಪಾರದ ಅಂಗಡೀಲಿ ಹಿಂಗೆ ಮಾಡಿದ ದಿನವೇ ಬಿಲ್ ಸಾಫ್ಟ್‌ವೇರ್ ತಾರೀಕು ತಗಳ್ಳೋದೇ ನಿಲ್ಲಿಸ್ತು, ಹೊರಗೆ ಚೀಲ ಇಳಿಸ್ತಾ ಇದ್ರು, ಒಳಗೆ ಬಿಲ್ ಆಗ್ತಾ ಇಲ್ಲ. ವಾರ ತೆಗ್ದು ಬರೀ ಅಂಕೆ ಇಟ್ಟಮೇಲೆ ಸರಿಯಾಯ್ತು. ಅಂಥ ಕಡೆ ವಾರ, ತಿಂಗಳ ಹೆಸ್ರು ಲಾಂಗ್ ಡೇಟಲ್ಲಿ, ಅಂದ್ರೆ ಮೌಸ್ ಇಟ್ಟಾಗ ಬರೋ ಉದ್ದ ತಾರೀಕಲ್ಲಿ ಮಾತ್ರ ಇರೋದೇ ಒಳ್ಳೇದು.

ಲಾಕ್ ಸ್ಕ್ರೀನಲ್ಲಿ ಇನ್ನೂ ಇಂಗ್ಲಿಷೇ ಬರ್ತಾ ಇದ್ರೆ ಅದೇ ರೀಜನ್ ಕಿಟಕೀಲಿ ಅಡ್ಮಿನಿಸ್ಟ್ರೇಟಿವ್ ಟ್ಯಾಬ್, ಕಾಪಿ ಸೆಟ್ಟಿಂಗ್ಸ್, ವೆಲ್‌ಕಮ್ ಸ್ಕ್ರೀನ್‌ಗೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಕೇಳ್ಬಹುದು. ಊರಲ್ಲಿರೋ ಅಪ್ಪ ಅಮ್ಮ ಬಳಸೋ ಕಂಪ್ಯೂಟರ್ ಆದ್ರೆ ಇದೊಂದನ್ನ ಬಿಡ್ಬೇಡಿ, ಅವ್ರು ಮೊದ್ಲು ನೋಡೋದೇ ಅದನ್ನ.

ಎಕ್ಸೆಲಲ್ಲಿ ಒಂದು ಶೀಟಿಗೆ ಮಾತ್ರ ಕನ್ನಡ ತಾರೀಕು ಸಾಕು ಅಂದ್ರೆ ಇದ್ಯಾವ್ದೂ ಮುಟ್ಟೋದು ಬೇಡ, ಆ ಸೆಲ್‌ಗಳನ್ನ ಸೆಲೆಕ್ಟ್ ಮಾಡಿ ಫಾರ್ಮ್ಯಾಟ್ ಸೆಲ್ಸ್, ಡೇಟ್, ಕೆಳಗೆ ಲೊಕೇಲ್ ಅಂತ ಇರ್ತದೆ, ಅಲ್ಲಿ ಕನ್ನಡ ಹಾಕಿ.