ಬಫಲೋದ ಹಿಮಕ್ಕೆ ಸರೋವರವೇ ಮೂಲ

ಪ್ರಶ್ನೆ: ನನ್ನ ತಂಗಿಯ ಮಗ ಅಮೆರಿಕದ ಬಫಲೋ ನಗರದಲ್ಲಿದ್ದಾನೆ. ಅವನ ಬಡಾವಣೆಯಲ್ಲಿ ಎದೆಯೆತ್ತರ ಹಿಮ ಬಿದ್ದಿದ್ದಾಗ ಕೆಲವೇ ಕಿಲೋಮೀಟರ್ ಆಚೆ ರಸ್ತೆ ಒಣಗಿತ್ತಂತೆ. ಹಿಮ ನಿಂತ ಮೇಲೆ ಪ್ರವಾಹದ ಎಚ್ಚರಿಕೆಯೂ ಬಂದಿತಂತೆ. ಎಲ್ಲಕ್ಕೂ ಅಲ್ಲಿಯ ಸರೋವರವೇ ಕಾರಣವೆನ್ನುತ್ತಾನೆ. ಹಾಗಿದ್ದರೆ ನಮ್ಮ ಸೂಳೆಕೆರೆಯಿಂದ ಇಲ್ಲಿ ಮಳೆ ಹೆಚ್ಚುವುದಿಲ್ಲವೇಕೆ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ತಂಗಿಯ ಮಗ ಹೇಳಿದ್ದು ನಿಜ. ಬಫಲೋ ಇರುವುದು ಈರಿ ಸರೋವರದ ಪೂರ್ವ ತುದಿಯಲ್ಲಿ. ಸುಮಾರು 388 ಕಿ.ಮೀ. ಉದ್ದದ ಈ ಸರೋವರದ ನೀರು ಬೇಸಿಗೆಯ ಬಿಸಿಯನ್ನು ನವೆಂಬರ್, ಡಿಸೆಂಬರ್‌ವರೆಗೂ ಉಳಿಸಿಕೊಂಡಿರುತ್ತದೆ. ಕೆನಡಾದ ಕಡೆಯಿಂದ ಬರುವ ಕೊರೆಯುವ ಗಾಳಿ ಅದರ ಮೇಲೆ ಹಾಯುವಾಗ ಬಿಸಿಯನ್ನೂ ತೇವವನ್ನೂ ಹೀರಿಕೊಂಡು ಮೇಲೇರಿ ಮೋಡವಾಗುತ್ತದೆ. ನೀರಿನ ಮೇಲ್ಮೈಗೂ ಸುಮಾರು ಒಂದೂವರೆ ಕಿ.ಮೀ. ಎತ್ತರದ ಗಾಳಿಗೂ 13 ಡಿಗ್ರಿ ಸೆಲ್ಸಿಯಸ್‌ನಷ್ಟಾದರೂ ಅಂತರವಿದ್ದರೆ ಇಂಥ ಹಿಮಪಾತಕ್ಕೆ ಹದವಾಯಿತೆಂದು ಹವಾಮಾನ ತಜ್ಞರು ಲೆಕ್ಕ ಹಾಕುತ್ತಾರೆ.

ಆದರೆ ಹಿಮ ಯಾರ ಮನೆಯ ಮೇಲೆ ಬೀಳಬೇಕೆಂಬುದನ್ನು ನಿರ್ಧರಿಸುವುದು ಗಾಳಿಯ ದಿಕ್ಕು. ಅದು ಸರೋವರದ ಉದ್ದಕ್ಕೇ ಬೀಸಿದರೆ ಮೋಡಗಳೆಲ್ಲ ಒಂದು ಕಿರಿದಾದ ಪಟ್ಟಿಯಾಗಿ ಕೂಡಿಕೊಳ್ಳುತ್ತವೆ. ಪಟ್ಟಿಯ ಕೆಳಗೆ ಹಿಮ ಸುರಿಯುತ್ತಿದ್ದರೆ ಹೊರಗೆ ಬಿಸಿಲೂ ಇರಬಹುದು. 2014ರ ನವೆಂಬರ್‌ನಲ್ಲಿ ನಗರದ ದಕ್ಷಿಣದ ಊರುಗಳು ಐದು ಅಡಿಗೂ ಮೀರಿದ ಹಿಮದಲ್ಲಿ ಹೂತುಹೋದಾಗ ಉತ್ತರ ಭಾಗದಲ್ಲಿ ಬಿದ್ದದ್ದು ಕೆಲವೇ ಅಂಗುಲ. 2022ರ ನವೆಂಬರ್‌ನಲ್ಲಿ ನಗರದ ದಕ್ಷಿಣಕ್ಕಿರುವ ಆರ್ಚರ್ಡ್ ಪಾರ್ಕ್ ಎಂಬ ಊರಿನಲ್ಲಿ ಸುಮಾರು ಎರಡು ಮೀಟರ್ ಬಿತ್ತು. ಸರೋವರ ಹೆಪ್ಪುಗಟ್ಟಿದರೆ ಈ ತೇವದ ಮೂಲ ಮುಚ್ಚಿಕೊಳ್ಳುತ್ತದೆ, ಆದರೂ ಅಪಾಯ ತಪ್ಪುವುದಿಲ್ಲ: 1977ರ ಜನವರಿಯಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಮೊದಲೇ ಬಿದ್ದಿದ್ದ ಹಿಮವನ್ನು ಬಿರುಗಾಳಿ ಎತ್ತಿ ತಂದು ನಗರದ ಮೇಲೆ ಸುರಿಯಿತು.

ಪ್ರವಾಹ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಹಿಮ ಬಿದ್ದ ಕೆಲವೇ ದಿನಗಳಲ್ಲಿ ಬಿಸಿ ಏರಿ ಮಳೆಯೂ ಸೇರಿದರೆ ಹಳ್ಳಗಳು ಉಕ್ಕುತ್ತವೆ; 2014ರಲ್ಲಿ ಪ್ರವಾಹದ ಎಚ್ಚರಿಕೆ ಕೊಟ್ಟದ್ದು ಅದಕ್ಕಾಗಿಯೇ. ಇನ್ನೊಂದು, ಈರಿಯ ಸರಾಸರಿ ಆಳ ಕೇವಲ 19 ಮೀಟರ್ ಆದುದರಿಂದ, ಪರಾತವನ್ನು ಓರೆ ಮಾಡಿದಾಗ ನೀರು ಒಂದು ಅಂಚಿಗೆ ಏರುವಂತೆ, ಬಿರುಗಾಳಿಯು ಸರೋವರದ ನೀರನ್ನು ಬಫಲೋದ ದಡಕ್ಕೆ ಒತ್ತರಿಸುತ್ತದೆ. 1844ರ ಅಕ್ಟೋಬರ್‌ನ ಒಂದು ರಾತ್ರಿ ಹೀಗೆ ಏರಿದ ನೀರು ತಡೆಗೋಡೆಯನ್ನು ಒಡೆದು ಹಲವಾರು ಜನರನ್ನು ಬಲಿ ತೆಗೆದುಕೊಂಡಿತು.

ಸೂಳೆಕೆರೆ ನಮ್ಮ ಪಾಲಿಗೆ ಸಾಗರವೇ ಸರಿ, ಆದರೆ ಅದರ ಹರವು ಕೆಲವೇ ಕಿಲೋಮೀಟರ್. ಗಾಳಿ ಅದನ್ನು ನಿಮಿಷಗಳಲ್ಲಿ ದಾಟುತ್ತದೆ. ಆ ಬಗೆಯ ಕೊರೆಯುವ ಗಾಳಿ ಇಲ್ಲಿಗೆ ಬರುವುದೂ ಇಲ್ಲ. ನಮ್ಮ ಕೆರೆಗಳು ಮಳೆಯನ್ನು ತುಂಬಿಕೊಳ್ಳುತ್ತವೆಯೇ ಹೊರತು ತರಿಸುವುದಿಲ್ಲ. ನಮಗೆ ಅಪಾಯವಿರುವುದು ಕೋಡಿ ಬಿದ್ದಾಗ ಕೆಳಗಿನ ಪಾತ್ರದಲ್ಲಿ. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಹರಿದಾಗ ಹಿರಿಯೂರಿನ ಕಡೆಯವರು ಅದನ್ನು ಕಂಡರು.

ನಿಮ್ಮ ತಂಗಿಯ ಮಗನಿಗೆ ಒಂದು ಮಾತು ತಿಳಿಸಿ. 2022ರ ಡಿಸೆಂಬರ್‌ನ ಬಿರುಗಾಳಿಯಲ್ಲಿ ಬಫಲೋ ಇರುವ ಕೌಂಟಿಯಲ್ಲಿ (ಅಂದರೆ ಜಿಲ್ಲೆಯಲ್ಲಿ) 40ಕ್ಕೂ ಹೆಚ್ಚು ಜನ ತೀರಿಕೊಂಡರು. ಕೆಲವರು ಕಾರಿನಲ್ಲಿ ಸಿಲುಕಿ, ಕೆಲವರು ಬಿಸಿಯಿಲ್ಲದ ಮನೆಯಲ್ಲಿ. ನೆರವಿಗೆ ಹೊರಟ ವಾಹನಗಳೇ ಹೂತುಹೋಗಿದ್ದವು. ಎಚ್ಚರಿಕೆ ಬಂದ ದಿನ ಹೊರಗೆ ಹೋಗಲೇಬಾರದು. ದಾರಿಯಲ್ಲೇ ಸಿಲುಕಿದರೆ ಕಾರನ್ನು ಬಿಟ್ಟು ನಡೆಯಬಾರದು, ಮತ್ತು ಎಂಜಿನ್ ಚಾಲೂ ಮಾಡುವ ಮೊದಲು ಹೊಗೆಕೊಳವೆಯ ಬಾಯಿಗೆ ಕಟ್ಟಿದ ಹಿಮವನ್ನು ತೆಗೆಯಬೇಕು. ಇಲ್ಲದಿದ್ದರೆ ವಿಷಾನಿಲ ಕಾರಿನೊಳಗೇ ತುಂಬಿಕೊಳ್ಳುತ್ತದೆ.