ಮನೆಯ ಫೋಟೋ ಪ್ರಿಂಟರ್‌ಗೆ ಫೈನ್ ಆರ್ಟ್ ಪೇಪರ್ ಹಾಕಬಹುದಾ?

ಎಪ್ಸನ್ ಎಲ್8050ಯಲ್ಲಿ 308 ಜಿಎಸ್‌ಎಂನ ಹಾನೆಮ್ಯೂಲೆ ಫೋಟೋ ರ‍್ಯಾಗ್ ಎಂಬ ಹೊಳಪಿಲ್ಲದ (ಮ್ಯಾಟ್) ಹತ್ತಿಯ ಫೈನ್ ಆರ್ಟ್ ಪೇಪರ್ ಹಾಕಿ ಯಕ್ಷಗಾನದ ಫೋಟೋ ಪ್ರಿಂಟ್ ಮಾಡಬಹುದಾ, ಮೆಷಿನ್ ಹಾಳಾಗುತ್ತಾ ಅಂತ ಕೇಳಿದ್ದೀರಿ. ಫೈನ್ ಆರ್ಟ್ ಪೇಪರ್ ಖಂಡಿತ ಹಾಕಬಹುದು. ನಾನೂ ಇದೇ ಬಗೆಯ ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್‌ನಲ್ಲಿ ಮಾಡುತ್ತೇನೆ. ಆದರೆ ಆ 308ರ ಪ್ಯಾಕ್ ಈಗಲೇ ಕೊಳ್ಳಬೇಡಿ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ಅನ್ನುವ ತೂಕದ ಲೆಕ್ಕ. ನಿಮ್ಮ ಪ್ರಿಂಟರ್‌ಗೆ ಮುಖ್ಯವಾಗುವುದು ದಪ್ಪ. ಮಾಮೂಲಿ 260 ಜಿಎಸ್‌ಎಂ ಗ್ಲಾಸಿ ಪೇಪರ್ ಸುಮಾರು ಕಾಲು ಮಿಲಿಮೀಟರ್ ಇರುತ್ತದೆ. ಹತ್ತಿಯ ಫೋಟೋ ರ‍್ಯಾಗ್ 308 ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್! ಹಿಂದಿನ ಟ್ರೇಯಿಂದ ಬರುವ ಹಾಳೆ ಒಳಗೆ ಬಾಗಬೇಕು. ದಪ್ಪ ಹಾಳೆಯನ್ನು ರೋಲರ್ ಎಳೆಯುವುದಿಲ್ಲ, ಎಳೆದರೂ ಅಂಚು ಮೇಲೆದ್ದು ಪ್ರಿಂಟ್ ಹೆಡ್‌ಗೆ ಉಜ್ಜಬಹುದು. ಮೆಷಿನ್‌ಗೆ ನಿಜವಾದ ಅಪಾಯ ಇದೇ. ಅದೇ ಫೋಟೋ ರ‍್ಯಾಗ್ 188 ಜಿಎಸ್‌ಎಂನಲ್ಲೂ ಬರುತ್ತದೆ. ಮ್ಯಾನ್ಯುಯಲ್‌ನಲ್ಲಿ ದಪ್ಪದ ಮಿತಿ ನೋಡಿಕೊಂಡು ಅದರಿಂದ ಶುರು ಮಾಡಿ.

ಸ್ಟೇಷನರಿ ಅಂಗಡಿಯ ಜಲವರ್ಣದ ಹಾಳೆ ಮಾತ್ರ ಬೇಡ. ನೋಡಲು ಒಂದೇ ಥರ ಇದ್ದರೂ ಅದಕ್ಕೆ ಇಂಕ್‌ಜೆಟ್ ಕೋಟಿಂಗ್, ಅಂದರೆ ಇಂಕನ್ನು ಮೇಲೆಯೇ ಹಿಡಿದಿಡುವ ಲೇಪ, ಇರುವುದಿಲ್ಲ. ಇಂಕ್ ಒಳಗಿಳಿದು ಹರಡುತ್ತದೆ, ಬಣ್ಣ ಮಂಕಾಗುತ್ತದೆ.

ಇನ್ನು ನಿಮ್ಮ ಫೋಟೋ. ಎಲ್8050ಯದು ಡೈ ಇಂಕ್, ಅಂದರೆ ಬಣ್ಣ ದ್ರವದಲ್ಲಿ ಕರಗಿರುವ ಇಂಕ್. ಮ್ಯಾಟ್ ಪೇಪರ್‌ನಲ್ಲಿ ಕಪ್ಪು ಗ್ಲಾಸಿಯಷ್ಟು ಗಾಢವಾಗಿ ಬರುವುದಿಲ್ಲ. ರಾತ್ರಿ ರಂಗಸ್ಥಳದ ಕಪ್ಪು ಹಿನ್ನೆಲೆಯಲ್ಲಿ ಕೆಂಪು ವೇಷ ಹೊಳೆಯುವ ಚಿತ್ರ ಇದ್ದರೆ, ನನ್ನ ಪ್ರಕಾರ ಅದು ಗ್ಲಾಸಿಗೇ ಚೆನ್ನ. ಚೌಕಿಯಲ್ಲಿ ಕಲಾವಿದರು ಬಣ್ಣ ಹಚ್ಚಿಕೊಳ್ಳುತ್ತಿರುವ, ಮೆತ್ತಗಿನ ಬೆಳಕಿನ ಫೋಟೋ ಇದೆಯಾ? ಅದನ್ನು ಹತ್ತಿಯ ಪೇಪರ್‌ನಲ್ಲಿ ನೋಡಿ. ಮುಖದ ಬಣ್ಣ, ಬಟ್ಟೆಯ ನೂಲು ಎಲ್ಲ ಕೈಗೆ ಸಿಗುವ ಹಾಗೆ ಕಾಣುತ್ತದೆ. ಪ್ರತಿಫಲನವೂ ಇಲ್ಲ. ನಾನು ಈ ಪೇಪರ್‌ಗೆ ಮನಸೋತಿದ್ದು ಅದಕ್ಕೇ.

ಹಾಳೆಗೆ ಕೋಟಿಂಗ್ ಇರುವುದು ಸಾಮಾನ್ಯವಾಗಿ ಒಂದೇ ಕಡೆ. ಒದ್ದೆ ಬೆರಳಿಂದ ಮೂಲೆ ಮುಟ್ಟಿದರೆ ಕೋಟಿಂಗ್ ಇರುವ ಕಡೆ ಸ್ವಲ್ಪ ಅಂಟುತ್ತದೆ, ಪ್ರಿಂಟ್ ಆ ಕಡೆಗೇ ಬರಲಿ. ಮೃದುವಾದ ಬ್ರಷ್‌ನಿಂದ ಧೂಳು, ಹತ್ತಿಯ ಎಳೆ ತೆಗೆಯಿರಿ. ಇಲ್ಲದಿದ್ದರೆ ಎಳೆ ಆಮೇಲೆ ಉದುರಿ ಬಿಳಿ ಚುಕ್ಕೆ ಉಳಿಯುತ್ತದೆ. ಒಂದು ಸಲಕ್ಕೆ ಒಂದೇ ಹಾಳೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಕಡೆ, ಹಾಳೆ ಸುರುಳಿಯಾಗುತ್ತದೆ. ಭಾರದ ಪುಸ್ತಕಗಳ ಕೆಳಗಿಟ್ಟು ಚಪ್ಪಟೆ ಮಾಡಿದ ಮೇಲೇ ಹಾಕಿ. ಉಳಿದ ಪೇಪರ್ ಜಿಪ್ ಕವರ್‌ನಲ್ಲಿರಲಿ.

ಡ್ರೈವರ್‌ನಲ್ಲಿ (ಕಂಪ್ಯೂಟರ್‌ನ ಪ್ರಿಂಟ್ ಸೆಟ್ಟಿಂಗ್‌ನಲ್ಲಿ) ಪೇಪರ್ ಬಗೆ ಮ್ಯಾಟ್ ಇರಲಿ. ಗ್ಲಾಸಿ ಇಟ್ಟರೆ ಇಂಕ್ ಜಾಸ್ತಿ ಬೀಳಬಹುದು. ಮೇಂಟೆನೆನ್ಸ್ ಭಾಗದಲ್ಲಿ ದಪ್ಪ ಪೇಪರ್‌ನ ಆಯ್ಕೆ ಇದ್ದರೆ ಆನ್ ಮಾಡಿ, ಅಂಚಿನಲ್ಲಿ ಇಂಕ್ ಮೆತ್ತುವುದು ಕಡಿಮೆಯಾಗುತ್ತದೆ. ಪೇಪರ್ ಕಂಪನಿಯವರು ಐಸಿಸಿ ಪ್ರೊಫೈಲ್ (ಆ ಪೇಪರ್‌ಗೆ ಬಣ್ಣ ಸರಿಹೊಂದಿಸುವ ಫೈಲ್) ಉಚಿತವಾಗಿ ಕೊಡುತ್ತಾರೆ, ಆದರೆ ಹೆಚ್ಚಾಗಿ ಎಪ್ಸನ್ ಪಿ700 ಥರದ, ಬಣ್ಣದ ಸೂಕ್ಷ್ಮ ಕಣಗಳಿರುವ ಪಿಗ್ಮೆಂಟ್ ಇಂಕಿನ ಪ್ರಿಂಟರ್‌ಗಳಿಗೆ. ನಿಮ್ಮ ಮಾಡೆಲ್‌ಗೆ ಸಿಗದಿದ್ದರೆ ಬೇರೆ ಮಾಡೆಲ್‌ನ ಪ್ರೊಫೈಲ್ ಸುಮ್ನೆ ಹಾಕಬೇಡಿ. ಇಂಕ್ ಬೇರೆ ಅಲ್ವಾ, ಬಣ್ಣ ತಪ್ಪುತ್ತದೆ. ಪ್ರಿಂಟರ್‌ಗೇ ಬಣ್ಣ ಹೊಂದಿಸುವ ಕೆಲಸ ಬಿಟ್ಟುಕೊಟ್ಟು, ಒಂದು ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿ ಚಿಕ್ಕ ಪ್ರಿಂಟ್ ತೆಗೆದು ನೋಡಿ. ಬಹುಶಃ ಫೋಟೋವನ್ನು ಸ್ವಲ್ಪ ಬೆಳಗಿಸಬೇಕಾಗುತ್ತದೆ.

ಮಾರಾಟಕ್ಕೆ ಅಥವಾ ಪ್ರದರ್ಶನಕ್ಕೆ ಬೇಕಿದ್ದರೆ ಪಿಗ್ಮೆಂಟ್ ಇಂಕ್ ಇರುವ ಲ್ಯಾಬ್‌ಗೆ ಕೊಡಿ, ಡೈ ಬೇಗ ಮಾಸುತ್ತದೆ. ಮನೆಯ ಗೋಡೆಗಾದರೆ ಪ್ರಿಂಟ್ ಒಂದು ಇಡೀ ದಿನ ಒಣಗಲಿ. ಆಮೇಲೆ, ಗಾಜು ತಾಗದ ಹಾಗೆ ಮೌಂಟ್ ಬೋರ್ಡ್ ಇಟ್ಟು ಫ್ರೇಮ್ ಮಾಡಿಸಿ, ಬಿಸಿಲು ನೇರವಾಗಿ ಬೀಳದ ಗೋಡೆಗೆ ಹಾಕಿ.