ಹಸುವಿಲ್ಲದ ಹಾಲಿನ ಪ್ರೋಟೀನ್

ಓದುಗರ ಪತ್ರ: ಜೀನ್ ಬದಲಿಸಿದ ಸೂಕ್ಷ್ಮಾಣುಗಳಿಂದ ಹಾಲಿನ ಪ್ರೋಟೀನ್ ತಯಾರಿಸುವುದನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೀರಿ. ಹಸುವೇ ಇಲ್ಲದ ಮೇಲೆ ಅದು ಹಾಲು ಹೇಗಾಗುತ್ತದೆ? ಇದು ಪ್ರಕೃತಿಗೆ ವಿರುದ್ಧ ಅಲ್ವಾ?

ಸಂಪಾದಕರ ಉತ್ತರ: ಹೊಟ್ಟೆಗೆ ಹೋಗುವುದರ ಬಗ್ಗೆ ಇಷ್ಟು ಕಾಳಜಿಯಿಂದ ಕೇಳುವವರು ಕಡಿಮೆ, ಅದಕ್ಕೇ ಈ ಉದ್ದ ಉತ್ತರ. ಒಂದು ಮಾತು ಒಪ್ಪುತ್ತೇನೆ, ಬರೀ ಪ್ರೋಟೀನ್ ಹಾಲಲ್ಲ. ಆದರೆ 'ಪ್ರಕೃತಿಗೆ ವಿರುದ್ಧ' ಅಂದಿರಲ್ಲ, ಅದನ್ನು ಸುಮ್ನೆ ಬಿಡಲಾರೆ.

ಚೀಸ್ ಮಾಡುವಾಗ ಹಾಲು ಗಟ್ಟಿಯಾಗಲು ರೆನೆಟ್ ಹಾಕುತ್ತಾರೆ. ಅದನ್ನು ಹಿಂದೆ ಹಾಲು ಕುಡಿಯುವ ಕರುವನ್ನು ಕೊಂದು, ಅದರ ಜಠರದಿಂದಲೇ ತೆಗೆಯುತ್ತಿದ್ದರು. ರೆನೆಟ್‌ನೊಳಗೆ ಕೆಲಸ ಮಾಡುವ ಕೈಮೋಸಿನ್ ಎಂಬ ಕಿಣ್ವದ ಜೀನನ್ನು, ಅಂದರೆ ಅದನ್ನು ತಯಾರಿಸುವ ಸೂಚನೆಯನ್ನು, ಸೂಕ್ಷ್ಮಾಣುಗಳಿಗೆ ಸೇರಿಸಿ ತಯಾರಿಸಿದ್ದಕ್ಕೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1990ರಲ್ಲೇ ಒಪ್ಪಿಗೆ ಕೊಟ್ಟಿತು. ಅಲ್ಲಿನ ಹೆಚ್ಚಿನ ಚೀಸ್ ಈಗ ಇದರಿಂದಲೇ ಆಗುತ್ತದೆ. ಎಷ್ಟು ಕರುಗಳು ಉಳಿದವು, ಯೋಚನೆ ಮಾಡಿ.

ನನ್ನ ಚಿಕ್ಕಮ್ಮನೂ ನಿಮ್ಮ ಹಾಗೇ ಅನ್ನುತ್ತಿದ್ದರು, ದಿನಾ ಇನ್ಸುಲಿನ್ ಚುಚ್ಚಿಕೊಂಡೇ. ಹಿಂದೆ ಅದನ್ನು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಮನುಷ್ಯರ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾಗೆ ಹಾಕಿ ಮಾಡಿದ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1982ರಲ್ಲಿ. ಚಿಕ್ಕಮ್ಮನಿಗೆ ಇದನ್ನು ಹೇಳಿದಾಗ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಷ್ಟು ವರ್ಷ ಯಾರೂ ಹೇಳಲೇ ಇಲ್ವಲ್ಲ" ಅಂದರು.

ಹಾಲಿನ ಪ್ರೋಟೀನಿನದೂ ಅದೇ ದಾರಿ. ಹಸುವಿನ ಜೀನಿನ ಮಾಹಿತಿಯನ್ನು ಯೀಸ್ಟ್‌ಗೋ ಬೂಷ್ಟಿಗೋ ಕೊಟ್ಟು, ಟ್ಯಾಂಕಿನಲ್ಲಿ ಸಕ್ಕರೆ ತಿನ್ನಿಸಿ ಬೆಳೆಸುತ್ತಾರೆ. ಅದು ಪ್ರೋಟೀನ್ ಮಾಡುತ್ತದೆ. ಸೂಕ್ಷ್ಮಾಣುವನ್ನು ಸೋಸಿ ತೆಗೆದು, ಉಳಿದದ್ದನ್ನು ಒಣಗಿಸಿ ಪುಡಿ ಮಾಡುತ್ತಾರೆ. ಟ್ಯಾಂಕಿಗೆ ವಿದ್ಯುತ್ತು ಬೇಕು, ಸಕ್ಕರೆಗೆ ಹೊಲ ಬೇಕು, ಪುಕ್ಕಟೆ ಏನೂ ಆಗುವುದಿಲ್ಲ ನಿಜ. ಆದರೂ ಯಾವ ಪ್ರಾಣಿಯನ್ನೂ ಕಟ್ಟಿಹಾಕದೆ ಇಷ್ಟು ಸಿಗುತ್ತದಲ್ಲ!

ನೀವು ಹೆದರಬೇಕಾದದ್ದು ಬೇರೆಯೇ ಇದೆ. ಈ ಪ್ರೋಟೀನ್ ಹಸುವಿನದರಂತೆಯೇ ಇರುವುದರಿಂದ, ಹಾಲಿನ ಅಲರ್ಜಿ ಇರುವವರಿಗೆ ಇದೂ ಆಗಿಬರುವುದಿಲ್ಲ. ಪೊಟ್ಟಣದ ಮೇಲೆ 'ಪ್ರಾಣಿರಹಿತ' ಅಂತ ಎಷ್ಟು ದಪ್ಪಕ್ಷರದಲ್ಲಿ ಬರೆಯುತ್ತಾರೋ, 'ಹಾಲಿನ ಪ್ರೋಟೀನ್ ಇದೆ' ಅಂತಲೂ ಅಷ್ಟೇ ದಪ್ಪಕ್ಷರದಲ್ಲಿ ಬರೆಯಬೇಕು. ಮಗುವಿನ ಪ್ರಾಣದ ಪ್ರಶ್ನೆ ಇದು.

ನನಗೆ ಸಿಟ್ಟು ಬರುವುದು ಈ ಮುಚ್ಚುಮರೆಯ ಮೇಲೆ. ಒಮ್ಮೆ ಒಂದು ಕಂಪನಿಯವರು ನಮ್ಮ ಲೇಖನದಿಂದ 'ಜೀನ್' ಪದ ತೆಗೆಯಿರಿ, ಜನ ಹೆದರುತ್ತಾರೆ ಅಂತ ಕೇಳಿದರು. ಹೇಳದೆ ತಿನ್ನಿಸಿದರೆ ಜನ ಇನ್ನೂ ಜಾಸ್ತಿ ಹೆದರುತ್ತಾರೆ ಅಂದೆ. ಅವರು ಒಪ್ಪಲಿಲ್ಲ, ನಾವು ಆ ಪದ ತೆಗೆಯಲಿಲ್ಲ.